ಹೊಲದಾಗ ಸಿಕ್ಕ ಕರಿ ಕಲ್ಲಿಗೆ ಮ್ಯಾಗ್ನೆಟ್ ಅಂಟಾಕತ್ತೈತಿ, ಇದು ಮ್ಯಾಗ್ನೆಟೈಟ್ ಏನ್ರಿ?

ಕೊಪ್ಪಳ_ಮಣ್ಣು:
ಎಲ್ಲಾರಿಗೂ ನಮಸ್ಕಾರ್ರಿ. ನಮ್ದು ಕೊಪ್ಪಳ ತಾಲೂಕು, ಊರ ಹೆಸರು ಬ್ಯಾಡ ಬಿಡ್ರಿ. ಹೋದ ತಿಂಗಳ ಹೊಲದಾಗ ಕೃಷಿ ಹೊಂಡ ತೋಡಸಾಕತ್ತಿದ್ವಿ, ಮೂರು ನಾಕ ಅಡಿ ಇಳದಿಂದ ಜೆಸಿಬಿ ಬಕೆಟ್ನ್ಯಾಗ ಒಂದಿಷ್ಟು ಕರಿ ಕಲ್ಲು ಬಂದ್ವು. ಕೈಯಾಗ ಹಿಡದ್ರ ಸೈಜಿಗಿಂತ ವಜ್ಜೆ ಭಾಳ. ನಮ್ಮ ಹುಡುಗ ಹಳೇ ಸ್ಪೀಕರ್ ಒಡದು ತಗದಿದ್ದ ಮ್ಯಾಗ್ನೆಟ್ ತಂದು ಹಚ್ಚಿ ನೋಡ್ಯಾನ, ಅಂಟಿಗಂತು. ಗಟ್ಟಿ ಏನಿಲ್ಲ, ಆದ್ರ ಅಂಟತೈತಿ.

ಇನ್ನೊಂದ ಕಲ್ಲೂ ಐತಿ. ನಮ್ಮ ದೊಡ್ಡಪ್ಪನ ಮಗ ಮೊದಲ ಸಂಡೂರು ಕಡೆ ಟಿಪ್ಪರ್ ಓಡಸ್ತಿದ್ದ, ಆವಾಗ ತಂದಿದ್ದು, ಹತ್ತು ವರ್ಷದಿಂದ ಮನಿ ಬಾಗಲಿಗೆ ಅಡ್ಡ ಇಡ್ತೀವಿ. ಅದಕ್ಕೂ ಮ್ಯಾಗ್ನೆಟ್ ಸ್ವಲ್ಪ ಎಳದಂಗ ಆಗತೈತಿ. ಇಷ್ಟು ದಿನ ಯಾರೂ ನೋಡಿದ್ದಿಲ್ಲ!

ಈಗ ಸುದ್ದಿ ಹೆಂಗೋ ಹಬ್ಬಿ ಒಬ್ಬ ಬ್ರೋಕರ್ ಬಂದಿದ್ದ. ಇದು ಸೂಜಿಗಲ್ಲು, ಫಾರಿನ್ ಪಾರ್ಟಿ ಅದಾರ, ಕೇಜಿಗೆ ಲಕ್ಷದ ಮ್ಯಾಲ ಕೊಡ್ತಾರ, ಆದ್ರ ಮೊದಲ ಟೆಸ್ಟಿಂಗ್ ಚಾರ್ಜ್ ಅಂತ 15 ಸಾವಿರ ಕಟ್ರಿ ಅಂತಾನ. ನಮ್ಮಪ್ಪ ಅರ್ಧ ನಂಬ್ಯಾರ. ನನಗ ತಲಿ ಕೆಟ್ಟೈತಿ. ಮ್ಯಾಗ್ನೆಟೈಟ್ ಅಂದ್ರ ಖರೇನ ಏನು, ಎದಕ್ಕ ಬಳಸ್ತಾರ, ರೇಟ್ ಎಷ್ಟಿರತೈತಿ, ಗೊತ್ತಿದ್ದೋರು ಹೇಳ್ರಿ ಅಣ್ಣಾರ.

ಲ್ಯಾಬ್_ನೈಟ್‌ಶಿಫ್ಟ್:
ತಮ್ಮ, ಮೊದ್ಲು ಆ 15 ಸಾವಿರ ಜೇಬಲ್ಲೇ ಇರ್ಲಿ. ನಾನು ತೋರಣಗಲ್ಲು ಕಡೆ ಒಂದು ಪೆಲೆಟ್ ಪ್ಲಾಂಟ್ (ಅದಿರು ಪುಡಿನ ಫರ್ನೇಸಿಗೆ ಉಂಡೆ ಕಟ್ಟೋ ಫ್ಯಾಕ್ಟರಿ) ಲ್ಯಾಬಲ್ಲಿ 11 ವರ್ಷದಿಂದ ಇದೀನಿ, ದಿನಾ ಇದೇ ಕಲ್ಲು ಇದೇ ಪುಡಿ ನಂದು.

ಮ್ಯಾಗ್ನೆಟ್ ಅಂಟಿದ ತಕ್ಷಣ ಮ್ಯಾಗ್ನೆಟೈಟ್ ಅಲ್ಲ. ನಿಮ್ಮ ಕಡೆ ಹೊಲದ ಮಧ್ಯೆ ಕರೀ ಬಂಡೆ ಸಾಲು ಹೋಗಿರ್ತಾವಲ್ಲ, ಡಾಲರೈಟ್ ಅಂತಾರೆ, ಅದರೊಳಗೂ ಚೂರು ಮ್ಯಾಗ್ನೆಟೈಟ್ ಕಾಳು ಇರ್ತಾವೆ, ಸ್ಪೀಕರ್ ಮ್ಯಾಗ್ನೆಟ್ ಅದಕ್ಕೂ ಮೆಲ್ಲಗೆ ಅಂಟುತ್ತೆ. ರೋಲಿಂಗ್ ಮಿಲ್ಲಲ್ಲಿ ಕಾದ ಉಕ್ಕಿಂದ ಉದುರೋ ಸ್ಕೇಲ್ ಅಂಟುತ್ತೆ, ಅದಿರನ್ನ ಕರಗಿಸದೇ ತೆಗೆದ ಸ್ಪಂಜ್ ಐರನ್ ಅಂಟುತ್ತೆ, ಹಳೇ ನಟ್ಟು ಬೋಲ್ಟ್ ತುಕ್ಕು ಹಿಡಿದು ಮಣ್ಣು ಕಟ್ಕೊಂಡಿದ್ರೆ ಅದೂ ಕಲ್ಲಿನಂಗೇ ಕಾಣುತ್ತೆ.

ಮನೇಲೇ ಎರಡು ಟೆಸ್ಟ್ ಮಾಡು, ಪುಕ್ಕಟೆ. ಒಂದು, ಚಹಾ ಕಪ್ ಬೋರಲು ಹಾಕು, ತಳದಲ್ಲಿ ಪಾಲಿಶ್ ಇಲ್ಲದ ಒರಟು ಬಿಳಿ ಉಂಗುರ ಇರುತ್ತಲ್ಲ ಅದರ ಮೇಲೆ ಕಲ್ಲನ್ನ ಒತ್ತಿ ಗೆರೆ ಎಳಿ. ಗೆರೆ ಕಪ್ಪಗೆ ಬಂದ್ರೆ ಮ್ಯಾಗ್ನೆಟೈಟ್ ಇರಬಹುದು, ಕೆಂಪು ಇಟ್ಟಿಗೆ ಬಣ್ಣ ಬಂದ್ರೆ ಹೆಮಟೈಟ್, ಹಳದಿ ಕಂದು ಬಂದ್ರೆ ಗೋಥೈಟ್ ಲಿಮೊನೈಟ್ ಕಡೆದು, ಇವೆಲ್ಲಾ ಕಬ್ಬಿಣದ ಅದಿರುಗಳೇ. ಕಲ್ಲು ಹೊರಗೆ ಎಷ್ಟೇ ಕಪ್ಪಗಿರ್ಲಿ, ಪುಡಿ ಬಣ್ಣ ಸುಳ್ಳು ಹೇಳಲ್ಲ. ಎರಡನೇದು ವಜ್ಜೆ. ಕಿರಾಣಿ ಅಂಗಡಿ ಎಲೆಕ್ಟ್ರಾನಿಕ್ ತಕ್ಕಡಿ ಸಾಕು. ಕಲ್ಲನ್ನ ಒಣಗಿದ್ದಾಗ ತೂಗು. ಆಮೇಲೆ ತಕ್ಕಡಿ ಮೇಲೆ ನೀರಿನ ಪಾತ್ರೆ ಇಟ್ಟು ಸೊನ್ನೆ ಮಾಡ್ಕೊ, ಕಲ್ಲಿಗೆ ದಾರ ಕಟ್ಟಿ ನೀರೊಳಗೆ ಪೂರ್ತಿ ಮುಳುಗೋ ಹಾಗೆ ಇಳಿಬಿಡು, ತಳಕ್ಕೆ ಅಂಚಿಗೆ ತಾಗಬಾರದು. ಆಗ ಎಷ್ಟು ಗ್ರಾಂ ತೋರಿಸುತ್ತೋ ಅದರಿಂದ ಒಣ ತೂಕವನ್ನ ಭಾಗಿಸು, ಕಲ್ಲು ನೀರಿಗಿಂತ ಎಷ್ಟು ಪಟ್ಟು ಭಾರ ಅಂತ ಸಿಗುತ್ತೆ. ಮ್ಯಾಗ್ನೆಟೈಟ್ ಆದ್ರೆ 5.2 ಹತ್ತಿರ ಬರಬೇಕು, ಹೆಮಟೈಟೂ ಹೆಚ್ಚು ಕಮ್ಮಿ ಅಷ್ಟೇ, ಡಾಲರೈಟ್ 3ರ ಆಸುಪಾಸು, ಗ್ರಾನೈಟ್ 2.7. ಎರಡೂ ಕಲ್ಲಿಗೆ ಮಾಡಿ ಇಲ್ಲಿ ಹಾಕು, ಹತ್ತಿರದಿಂದ ಫೋಟೋನೂ ಹಾಕು.

ಈಗ ನಿನ್ನ ಪ್ರಶ್ನೆ, ಮ್ಯಾಗ್ನೆಟೈಟ್ ಅಂದ್ರೆ ಏನು. ಕಬ್ಬಿಣದ ಮೂರು ಪರಮಾಣುವಿಗೆ ಆಮ್ಲಜನಕದ ನಾಲ್ಕು ಪರಮಾಣು ಸೇರಿದ ಖನಿಜ. ಅಪ್ಪಟ ಇದ್ರೆ ತೂಕದಲ್ಲಿ 72.4 ಪರ್ಸೆಂಟ್ ಕಬ್ಬಿಣ, ಅಪ್ಪಟ ಹೆಮಟೈಟಲ್ಲಿ 69.9. ಅಂದ್ರೆ ಅದಿರುಗಳಲ್ಲಿ ಇದೇ ದೊಡ್ಡಣ್ಣ. ಆದ್ರೆ ನಮ್ಮ ಬಳ್ಳಾರಿ ಸಂಡೂರು ಹೊಸಪೇಟೆ ಗುಡ್ಡದಲ್ಲಿ ಇರೋದು ಹೆಚ್ಚುಕಮ್ಮಿ ಎಲ್ಲಾ ಹೆಮಟೈಟ್, ಅದಕ್ಕೇ ನಮ್ಮ ರೋಡು ಮರ ಮನೆ ಎಮ್ಮೆ ಎಲ್ಲಾ ಕೆಂಪಾಗಿದ್ದು, ಮ್ಯಾಗ್ನೆಟೈಟ್ ಆಗಿದ್ರೆ ಕರ್ರಗಾಗ್ತಿದ್ವಿ ಅಷ್ಟೇ. ಕರ್ನಾಟಕದ ಮ್ಯಾಗ್ನೆಟೈಟ್ ಇರೋದು ಬಹುಪಾಲು ಪಶ್ಚಿಮ ಘಟ್ಟದ ಕಡೆ. ಕುದುರೆಮುಖ ಗೊತ್ತಲ್ಲ, ಅಲ್ಲಿ ಅದಿರಲ್ಲಿ ಕಬ್ಬಿಣ 38 ಪರ್ಸೆಂಟ್ ಆಸುಪಾಸು ಮಾತ್ರ, ನಮ್ಮ ಕಡೆ ಅಂಥದ್ದನ್ನ ಮೂಸಿ ನೋಡ್ತಿರ್ಲಿಲ್ಲ. ಆದ್ರೂ ಅಲ್ಲಿ ಗಣಿ ನಡೀತು ಯಾಕೆ? ಮ್ಯಾಗ್ನೆಟ್‌ಗೆ ಸಿಗುತ್ತೆ ಅನ್ನೋ ಒಂದೇ ಗುಣ. ನುಣ್ಣಗೆ ಅರೆದು ನೀರಲ್ಲಿ ಕಲಸಿ ಮ್ಯಾಗ್ನೆಟ್ ಇರೋ ಡ್ರಮ್ಮಿನ ಮೇಲೆ ಹರಿಸಿದ್ರೆ ಕಬ್ಬಿಣದ ಕಾಳು ಡ್ರಮ್ಮಿಗೆ, ಮರಳು ಹೊರಗೆ. ಆ ಕರಿ ಗಂಜಿಯನ್ನ ಸುಮಾರು 67 ಕಿಲೋಮೀಟರ್ ಪೈಪಲ್ಲೇ ಘಟ್ಟ ಇಳಿಸಿ ಮಂಗಳೂರಿಗೆ ಕಳಿಸ್ತಿದ್ರು. 2005ರ ಡಿಸೆಂಬರ್ ಕೊನೆಗೆ ಸುಪ್ರೀಂ ಕೋರ್ಟ್ ಆದೇಶದ ಮೇಲೆ ಗಣಿ ಬಂದ್ ಆಯ್ತು, ನ್ಯಾಷನಲ್ ಪಾರ್ಕ್ ಒಳಗಿತ್ತು ಅಂತ. ಕಾಡಿಗೆ ಒಳ್ಳೇದೇ ಆಯ್ತು ಅನ್ನೋದು ನನ್ನ ಅಭಿಪ್ರಾಯ, ನಮ್ಮ ಲ್ಯಾಬಲ್ಲಿ ಇದಕ್ಕೆ ಜಗಳ ಆಡೋರೂ ಇದಾರೆ.

ಸಂಡೂರ್_ಗುಡ್ಡ:
ಲ್ಯಾಬ್ ಅಣ್ಣ ಹೇಳಿದ್ದಕ್ಕೆ ನಂದೊಂದು ಸೇರ್ಸ್ಕೊಳ್ಳಿ. ಕಬ್ಬಿಣದ ಅದಿರು ಯಾವತ್ತಿದ್ರೂ ಟನ್ ಲೆಕ್ಕ, ಟನ್ನಿಗೆ ಸಾವಿರಗಳಲ್ಲಿ ರೇಟ್, ಕೇಜಿಗೆ ಹಾಕಿದ್ರೆ ಒಂದು ಪ್ಲೇಟ್ ಇಡ್ಲಿನೂ ಬರಲ್ಲ. ಕೇಜಿಗೆ ಲಕ್ಷ ಅಂದವನು ಯಾರೇ ಆಗ್ಲಿ ಕಳ್ಳ. ಮೊದ್ಲು ರೈಸ್ ಪುಲ್ಲರ್ ಅಂತ ತಾಮ್ರದ ಚೊಂಬು ಹಿಡ್ಕೊಂಡು ಬರ್ತಿದ್ರು, ಅಕ್ಕಿ ಎಳೀತದೆ ಅಂತ. ಈಗ ಕಲ್ಲು. ಎಲ್ಲಾದ್ರಲ್ಲೂ ಒಂದೇ ಪಾಠ, ಫಾರಿನ್ ಪಾರ್ಟಿ, ಟೆಸ್ಟಿಂಗ್ ಚಾರ್ಜ್, ಮೊದ್ಲು ನೀನು ಕೊಡು. ನಮ್ಮೋಣಿಯಲ್ಲೇ ಒಬ್ರು ಎರಡು ಎಕರೆ ಅಡ ಇಟ್ಟು ಕಳ್ಕೊಂಡ್ರು, ಇವತ್ತಿಗೂ ಮನೆಯವರಿಗೆ ಮುಖ ತೋರ್ಸಲ್ಲ ಅವ್ರು.

ಇನ್ನೊಂದು, ಅಕಸ್ಮಾತ್ ನಿಮ್ಮ ಹೊಲದಲ್ಲಿ ನಿಜವಾಗ್ಲೂ ಅದಿರು ಇದೆ ಅಂತಾನೇ ಇಟ್ಕೊಳ್ಳಿ, ಪಟ್ಟಾ ಜಮೀನು ಅಂತ ತೋಡಿ ಮಾರಕ್ಕಾಗಲ್ಲ. 1957ರ ಗಣಿ ಕಾಯ್ದೆ ಪ್ರಕಾರ ಲೀಸ್ ಬೇಕು, ಸಾಗ್ಸಕ್ಕೆ ಪರ್ಮಿಟ್ ಬೇಕು, ಇಲ್ಲಾಂದ್ರೆ ಐದು ವರ್ಷದ ತನಕ ಜೈಲು ಐತೆ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಗಣಿ ಎಲ್ಲಾ ನಿಲ್ಲಿಸಿದಾಗ ನಮ್ಮಣ್ಣ ಸಾಲ ಮಾಡಿ ತಗೊಂಡಿದ್ದ ಲಾರಿ ಮನೆ ಮುಂದೆ ಎರಡು ವರ್ಷ ನಿಂತಿತ್ತು, ಟೈರಲ್ಲಿ ಕೋಳಿ ಮೊಟ್ಟೆ ಇಡ್ತಿದ್ವು. ಅದಿರಿನ ದುಡ್ಡು ನಂಬ್ಕೊಂಡೋರ ಕಥೆ ನಮಗೆ ಹೇಳಬೇಡಿ.

ಕೊಪ್ಪಳ_ಮಣ್ಣು:
ಸಂಡೂರ್ ಅಣ್ಣಾರ, ನಿಮ್ಮ ಮೆಸೇಜ್ ನಮ್ಮಪ್ಪಗ ಓದಿ ಹೇಳೀನಿ. ಎರಡು ಎಕರೆ ಅಂದಕೂಡ್ಲೆ ಸುಮ್ನಾದ್ರು. ಟೆಸ್ಟ್ ನಾಳೆ ಮಾಡ್ತೀನಿ, ತಕ್ಕಡಿ ಅಂಗಡಿ ಮಾವನ ಹತ್ರ ಕೇಳಬೇಕು.

ಆದ್ರ ಒಂದ ಡೌಟ್. ಹೆಮಟೈಟ್ ನಮ್ಮಲ್ಲೇ ಇಷ್ಟ ಐತಿ ಅಂದ್ಮ್ಯಾಲ ಮ್ಯಾಗ್ನೆಟೈಟ್ ಯಾಕ ಬೇಕ್ರಿ ಫ್ಯಾಕ್ಟರಿಗೆ? ಎರಡೂ ಕಬ್ಬಿಣನ ಅಲ್ಲೇನು?

ಲ್ಯಾಬ್_ನೈಟ್‌ಶಿಫ್ಟ್:
ಒಳ್ಳೆ ಪ್ರಶ್ನೆ, ಶಿಫ್ಟ್ ಖಾಲಿ ಇದೆ, ಉದ್ದಕ್ಕೇ ಬರೀತೀನಿ.

ಪೆಲೆಟ್ ಹೆಂಗ್ ಮಾಡ್ತಾರೆ ಅಂದ್ರೆ ಅದಿರಿನ ನುಣ್ಣನೆ ಪುಡಿಗೆ ಚೂರು ಬೆಂಟೋನೈಟ್ ಜೇಡಿ ಹಾಕಿ ನೀರು ಚಿಮುಕಿಸಿ ತಿರುಗೋ ತಟ್ಟೆಲಿ ಉಂಡೆ ಕಟ್ತೀವಿ, ನಮ್ಮಜ್ಜಿ ಗುಳ್ಳಡಕಿ ಉಂಡೆ ಕಟ್ಟಿದಂಗೆ ಆದ್ರೆ ಗೋಲಿ ಸೈಜು. ಆಮೇಲೆ ಅದನ್ನ 1250 ರಿಂದ 1300 ಡಿಗ್ರಿಲಿ ಸುಡ್ತೀವಿ, ಇಲ್ಲಾಂದ್ರೆ ಬ್ಲಾಸ್ಟ್ ಫರ್ನೇಸಲ್ಲಿ ಪುಡಿಪುಡಿ ಆಗುತ್ತೆ. ಹೆಮಟೈಟ್ ಉಂಡೆ ಸುಡಕ್ಕೆ ಪೂರ್ತಿ ಬೆಂಕಿ ನಾವೇ ಕೊಡಬೇಕು, ಅದಕ್ಕೇ ಪುಡಿ ಜೊತೆ ಕೋಕ್ ಬ್ರೀಜ್, ಅಂದ್ರೆ ಕೋಕ್ ಕಲ್ಲಿದ್ದಲಿನ ಪುಡಿ, ಕಲಸ್ತೀವಿ. ಮ್ಯಾಗ್ನೆಟೈಟ್ ಉಂಡೆ ಆದ್ರೆ ಕಾದ ಗಾಳಿ ತಾಗಿದ ಕೂಡ್ಲೇ ಇನ್ನಷ್ಟು ಆಮ್ಲಜನಕ ಎಳ್ಕೊಂಡು ಹೆಮಟೈಟ್ ಆಗಿಬಿಡುತ್ತೆ, ಆಗೋವಾಗ ತಾನೇ ಶಾಖ ಬಿಡುತ್ತೆ. ಅಂದ್ರೆ ಉಂಡೆ ಒಳಗಿಂದಾನೇ ಬೇಯುತ್ತೆ, ಇಂಧನದ ಖರ್ಚು ಚೆನ್ನಾಗೇ ಉಳಿಯುತ್ತೆ. ಸ್ವೀಡನ್‌ನ ಕಿರುನಾ ಅಂತ ಊರಲ್ಲಿ ನೆಲದಡಿ ಗಣಿ ಇದೆ, ಪೂರಾ ಮ್ಯಾಗ್ನೆಟೈಟ್, ಅವರಿಗೆ ಈ ಲಾಭ ದೇವರು ಕೊಟ್ಟಿದ್ದು.

ಇನ್ನೊಂದು ಬಳಕೆ ಕಲ್ಲಿದ್ದಲು ತೊಳೆಯೋದು. ನಾನು ಇಲ್ಲಿಗೆ ಬರೋ ಮುಂಚೆ ಛತ್ತೀಸ್‌ಗಢದ ಕಡೆ ಒಂದು ವಾಷರಿಲಿ ಇದ್ದೆ. ನೀನು ಭತ್ತದ ಬೀಜ ಉಪ್ಪುನೀರಿಗೆ ಹಾಕಿರ್ತೀಯಲ್ಲ, ಜೊಳ್ಳು ತೇಲುತ್ತೆ ಗಟ್ಟಿ ಕಾಳು ಮುಳುಗುತ್ತೆ, ಅದೇ ಆಟ. ಕಲ್ಲಿದ್ದಲು ನೀರಿಗಿಂತ ಚೂರೇ ಭಾರ, 1.3, 1.4. ಅದರ ಜೊತೆ ಬರೋ ಕಲ್ಲು ಮಣ್ಣು 2ರ ಮೇಲೆ. ಇವೆರಡರ ಮಧ್ಯದ ತೂಕದ ನೀರು ಬೇಕು, ಉಪ್ಪು ಹಾಕಿ ಅಷ್ಟು ದಪ್ಪ ಮಾಡಕ್ಕಾಗಲ್ಲ. ಅದಕ್ಕೆ ಮ್ಯಾಗ್ನೆಟೈಟನ್ನ ಪೌಡರ್ ತರ ಅರೆದು ನೀರಿಗೆ ಕಲಸ್ತಾರೆ. ಕಲ್ಲಿದ್ದಲು ತೇಲುತ್ತೆ, ಕಲ್ಲು ಮುಳುಗುತ್ತೆ. ಆಮೇಲೆ ಎರಡಕ್ಕೂ ಅಂಟಿದ ಕರಿ ಪುಡಿಯನ್ನ ನೀರು ಹಾಯಿಸಿ ತೊಳೆದು ಮ್ಯಾಗ್ನೆಟ್ ಡ್ರಮ್ಮಿಂದ ವಾಪಸ್ ಎತ್ಕೊಂಡು ಮತ್ತೆ ಅದೇ ತೊಟ್ಟಿಗೆ. ಟನ್ನು ಕಲ್ಲಿದ್ದಲಿಗೆ ಒಂದು ಕೇಜಿಗಿಂತ ಜಾಸ್ತಿ ಪುಡಿ ಕಳೆದುಹೋದ್ರೆ ನಮ್ಮ ಸಾಹೇಬ್ರು ಮೀಟಿಂಗಲ್ಲೇ ಬೈತಿದ್ರು. ಮ್ಯಾಗ್ನೆಟ್‌ಗೆ ಸಿಗದ ಬೇರೆ ಭಾರದ ಪುಡಿ ಹಾಕಿದ್ರೂ ತೇಲ್ಸಬಹುದು, ವಾಪಸ್ ಹಿಡಿಯೋದು ಕಷ್ಟ. ಮ್ಯಾಗ್ನೆಟೈಟ್ ಆದ್ರೆ ಕರೆದ್ರೆ ಬರುತ್ತೆ.

ಚಿಲ್ಲರೆ ಬಳಕೆ ಬಹಳ ಇದಾವೆ. ಆಸ್ಪತ್ರೇಲಿ ಕ್ಯಾನ್ಸರ್ ರೇಡಿಯೇಷನ್ ಕೊಡೋ ರೂಮಿನ ಗೋಡೆಗೆ ಜಲ್ಲಿ ಬದಲು ಮ್ಯಾಗ್ನೆಟೈಟ್ ಕಲ್ಲು ಹಾಕಿ ಕಾಂಕ್ರೀಟ್ ಮಾಡೋದುಂಟು, ಮಾಮೂಲಿ ಕಾಂಕ್ರೀಟ್ ಒಂದು ಘನ ಮೀಟರಿಗೆ 2.4 ಟನ್ ಬಂದ್ರೆ ಇದು 3.5ರ ಮೇಲೆ, ಗೋಡೆ ತೆಳ್ಳಗಾದ್ರೂ ರೇಡಿಯೇಷನ್ ತಡೆಯುತ್ತೆ. ಕರಿ ಬಣ್ಣದ ಪಿಗ್ಮೆಂಟ್ ಇದೆ. ಮತ್ತೆ ನಿನಗೆ ನೇರ ಸಂಬಂಧ ಇರೋದು ಯೂರಿಯಾ. ಯೂರಿಯಾಕ್ಕೆ ಅಮೋನಿಯಾ ಬೇಕು, ಅಮೋನಿಯಾ ಮಾಡಕ್ಕೆ ಕ್ಯಾಟಲಿಸ್ಟ್, ಅಂದ್ರೆ ಕ್ರಿಯೆ ಬೇಗ ನಡೆಸೋ ಪುಡಿ, ಬೇಕು. 1909ರ ಸುಮಾರಿಗೆ ಜರ್ಮನಿಲಿ ಮಿಟಾಶ್ ಅನ್ನೋರು ಕಂಡಕಂಡ ಪುಡಿ ಎಲ್ಲಾ ಹಾಕಿ ನೋಡ್ತಿದ್ದಾಗ ಸ್ವೀಡನ್ನಿನ ಒಂದು ಮ್ಯಾಗ್ನೆಟೈಟ್ ಸ್ಯಾಂಪಲ್ ಮಾತ್ರ ಏಕಾಏಕಿ ಚೆನ್ನಾಗಿ ಕೆಲಸ ಮಾಡ್ತು, ಅಪ್ಪಟ ಕಬ್ಬಿಣ ಅಷ್ಟು ಮಾಡ್ಲಿಲ್ಲ. ಆ ಅದಿರಲ್ಲಿ ಇದ್ದ ಕಲಬೆರಕೆನೇ ಕಾರಣ ಅಂತ ಆಮೇಲೆ ಗೊತ್ತಾಗಿದ್ದು. ಇವತ್ತಿಗೂ ಮ್ಯಾಗ್ನೆಟೈಟ್ ಕರಗಿಸಿ ಅದಕ್ಕೆ ಚೂರು ಅಲ್ಯೂಮಿನಾ ಪೊಟ್ಯಾಶ್ ಸುಣ್ಣ ಸೇರಿಸಿನೇ ಆ ಕ್ಯಾಟಲಿಸ್ಟ್ ಮಾಡೋದು. ಕಲಬೆರಕೆ ಲಾಭ ಮಾಡಿದ ಏಕೈಕ ಕೇಸು 😄

ಶಕ್ತಿನಗರ_ರಿಟೈರ್ಡ್:
ಲ್ಯಾಬ್ ಸಾಹೇಬ್ರು ಒಂದು ಮರತ್ರು. ನಾ ಥರ್ಮಲ್ ಪ್ಲಾಂಟಿನ್ಯಾಗ ಬಾಯ್ಲರ್ ಮ್ಯಾಲ ಕೆಲಸ ಮಾಡಿದಾಂವ, ಈಗ ರಾಯಚೂರಾಗ ಮೊಮ್ಮಕ್ಕಳ ಜೋಡಿ ಆರಾಮ ಅದೀನಿ. ಬಾಯ್ಲರ್ ಟ್ಯೂಬಿನ ಒಳಗ ಹೊರಗಿಂದ ತಂದು ಹಚ್ಚಿದ್ದಲ್ಲ, ಬಿಸಿ ನೀರು ಮತ್ತ ಕಬ್ಬಿಣ ಕೂಡಿ ತಾವ ಒಂದು ತೆಳ್ಳನ ಕರಿ ಪದರ ಮಾಡಕೊಂತಾವ, ಅದೂ ಮ್ಯಾಗ್ನೆಟೈಟೇ. ಆ ಪದರ ಗಟ್ಟಿ ಕುಂತಿತು ಅಂದ್ರ ನೀರು ಕಬ್ಬಿಣ ತಿನ್ನೂದು ನಿಂತಂಗ. ಅದನ್ನ ಕಾಪಾಡಾಕ ನೀರಿನ ಪಿಎಚ್ 9ರ ಮ್ಯಾಲ ಇಡ್ತಿದ್ವಿ, ಆಕ್ಸಿಜನ್ ತಗೀತಿದ್ವಿ, ದಿನಾ ಕೆಮಿಸ್ಟ್ ಬಂದು ಸ್ಯಾಂಪಲ್ ಒಯ್ತಿದ್ದ. ಶಟ್‌ಡೌನ್ ಆದಾಗ ಡ್ರಮ್ ತಗದು ಬ್ಯಾಟರಿ ಬಿಟ್ಟು ನೋಡ್ತಿದ್ವಿ. ಒಳಗ ಕರ್ರಗ ಇದ್ರ ಎಲ್ಲಾರ ಮುಖದಾಗ ನಗು, ಕೆಂಪ ಕಂಡಿತು ಅಂದ್ರ ಎದಿ ಧಸಕ್ ಅಂತಿತ್ತು, ಎಲ್ಲಿಂದೋ ಆಕ್ಸಿಜನ್ ಹೊಕ್ಕದ ಅಂತ ಅರ್ಥ. ನಿಮ್ಮ ಬಳ್ಳಾರಿ ಮಂದಿಗೆ ಕೆಂಪು ಅಂದ್ರ ರೊಕ್ಕ, ನಮಗ ಕೆಂಪು ಅಂದ್ರ ಓವರ್‌ಟೈಮ್.

ಕೊಪ್ಪಳ_ಮಣ್ಣು:
ಟೆಸ್ಟ್ ಮುಗೀತ್ರಿ. ಕಪ್ ಒಂದ ಒಡೀತು, ಅವ್ವ ಬೈದಳು.

ಹೊಲದ ಕಲ್ಲು: ಒಣಾ ತೂಕ 640 ಗ್ರಾಂ, ನೀರಿನ್ಯಾಗ 180 ತೋರಸ್ತು, ಅಂದ್ರ ಸುಮಾರು 3.6. ಗೆರಿ ಬೂದಿ ಕಪ್ಪು, ಅಷ್ಟ ಸ್ಪಷ್ಟ ಇಲ್ಲ.
ಸಂಡೂರಿನ ಕಲ್ಲು: 810 ಗ್ರಾಂ, ನೀರಿನ್ಯಾಗ 165, ಅಂದ್ರ 4.9. ಗೆರಿ ಕೆಂಪು! ಹೊರಗ ಕರ್ರಗ ಉಕ್ಕಿನಂಗ ಮಿಂಚತೈತಿ, ಮ್ಯಾಗ್ನೆಟ್ ಸ್ವಲ್ಪ ಎಳೀತೈತಿ, ಗೆರಿ ಮಾತ್ರ ಕೆಂಪು. ಇದೆಂಗ್ರಿ?

ಫೋಟೋ ಹಾಕೀನಿ. ಹೊಲದ ಕಲ್ಲಿನ ಒಂದ ಮಗ್ಗಲು ನುಣ್ಣಗ ಬೆಲ್ಲದ ಪಾಕ ಹರದು ಗಟ್ಟಿ ಆದಂಗ ಐತಿ, ಒಡದ ಕಡೆ ಸಣ್ಣ ಸಣ್ಣ ತೂತು ಅದಾವ.

ಲ್ಯಾಬ್_ನೈಟ್‌ಶಿಫ್ಟ್:
ಸಂಡೂರಿಂದು ಹೇಳ್ತೀನಿ. ಅದು ಹೆಮಟೈಟ್. ಆದ್ರೆ ಬಹುಶಃ ಹುಟ್ಟುವಾಗ ಮ್ಯಾಗ್ನೆಟೈಟ್ ಆಗಿತ್ತು. ಕೋಟ್ಯಂತರ ವರ್ಷ ನೀರು ಗಾಳಿ ತಾಗಿ ಮ್ಯಾಗ್ನೆಟೈಟ್ ಕಾಳು ತನ್ನ ಆಕಾರ ಬಿಡದೇ ಒಳಗೊಳಗೇ ಹೆಮಟೈಟ್ ಆಗುತ್ತೆ, ಇದಕ್ಕೆ ಮಾರ್ಟೈಟ್ ಅಂತಾರೆ. ನಡುಮಧ್ಯೆ ಅಲ್ಲಲ್ಲಿ ಹಳೇ ಮ್ಯಾಗ್ನೆಟೈಟ್ ಉಳಿದಿದ್ರೆ ಮ್ಯಾಗ್ನೆಟ್ ಎಳೆಯುತ್ತೆ, ಪುಡಿ ಮಾತ್ರ ಕೆಂಪು. ನಾವು ಫರ್ನೇಸಲ್ಲಿ ಅರ್ಧ ಗಂಟೇಲಿ ಮಾಡೋ ಕೆಲಸನ ಗುಡ್ಡ ನಿಧಾನಕ್ಕೆ ಮಾಡಿದೆ. ಇದನ್ನ ಉಲ್ಟಾನೂ ಮಾಡಬಹುದು ಗೊತ್ತಾ, ಕಳಪೆ ಹೆಮಟೈಟನ್ನ ಗಾಳಿ ಕಮ್ಮಿ ಮಾಡಿ ಇದ್ದಿಲಿನ ಜೊತೆ ಕಾಸಿದ್ರೆ ವಾಪಸ್ ಮ್ಯಾಗ್ನೆಟೈಟ್ ಆಗುತ್ತೆ, ಆಗ ಮ್ಯಾಗ್ನೆಟ್ಟಲ್ಲಿ ಕಲ್ಲಿಂದ ಬೇರೆ ಮಾಡಬಹುದು. ನಮ್ಮ ಕಡೆ ಪಟ್ಟೆ ಪಟ್ಟೆ ಬಿಎಚ್‌ಕ್ಯೂ ಕಲ್ಲು (ಹೆಮಟೈಟ್ ಮತ್ತು ಬೆಣಚು ಕಲ್ಲು ಪದರ ಪದರವಾಗಿರೋ ಕಳಪೆ ಅದಿರು) ಗುಡ್ಡಗಟ್ಟಲೆ ಬಿದ್ದಿದೆ, ಅದಕ್ಕೆ ಈ ದಾರಿ ಬಗ್ಗೆ ಮಾತಾಡ್ತಾನೇ ಇರ್ತಾರೆ, ಖರ್ಚು ಕೇಳಿದ್ರೆ ಸುಮ್ನಾಗ್ತಾರೆ.

ನಿನ್ನ ಹೊಲದ ಕಲ್ಲು ಮ್ಯಾಗ್ನೆಟೈಟಂತೂ ಅಲ್ಲ, 3.6ಕ್ಕೆ ಆ ಮಾತೇ ಇಲ್ಲ. ಡಾಲರೈಟಿಗಿಂತ ಜಾಸ್ತಿ ಬಂತು. ತೂತು ಬೇರೆ ಇದೆ. ನನಗೆ ಫರ್ನೇಸ್ ಸ್ಲ್ಯಾಗ್ (ಅದಿರಿಂದ ಕಬ್ಬಿಣ ತೆಗೆದ ಮೇಲೆ ಉಳಿಯೋ ಕಸ) ತರ ಕಾಣ್ತಿದೆ, ಆದ್ರೆ ನಿಮ್ಮ ಹೊಲಕ್ಕೆ ಫ್ಯಾಕ್ಟರಿ ಸ್ಲ್ಯಾಗ್ ಯಾಕೆ ಬರುತ್ತೆ?

ಗಂಗಾವತಿ_ಮಾಸ್ತರ್:
ಇಷ್ಟೊತ್ತು ಸುಮ್ಮನೆ ಓದ್ತಾ ಇದ್ದೆ, ಫೋಟೋ ನೋಡಿ ಕೂತಲ್ಲೇ ಎದ್ದು ನಿಂತೆ. ನಾನು ಹೈಸ್ಕೂಲ್‌ನಲ್ಲಿ ಇತಿಹಾಸ ಹೇಳ್ತೀನಿ. ಅದು ಕಿಟ್ಟ! ಹಳೇ ಕಾಲದ ಕಬ್ಬಿಣದ ಕಿಟ್ಟ.

ಹಿಂದಿನವರು ಆಳುದ್ದದ ಮಣ್ಣಿನ ಕುಲುಮೆ ಕಟ್ಟಿ ಇದ್ದಿಲು ಮತ್ತು ಅದಿರು ಪದರ ಪದರ ಹಾಕಿ ತಿದಿ ಊದ್ತಿದ್ರು. ಆ ಶಾಖಕ್ಕೆ ಕಬ್ಬಿಣ ಪೂರ್ತಿ ಕರಗ್ತಿರಲಿಲ್ಲ, ಮುದ್ದೆಯಾಗಿ ಒಳಗೆ ಉಳಿತಿತ್ತು. ಕಲ್ಲಿನಂಶ ಮಾತ್ರ ಕರಗಿ ಕೆಳಗಿನ ತೂತಿಂದ ಹರಿದು ಬರ್ತಿತ್ತು, ತಮ್ಮಾ ನೀನು ಬೆಲ್ಲದ ಪಾಕ ಅಂದಿ ನೋಡು, ಅದೇ ಅದು. ಅವರ ಕೈಲಿ ಪೂರಾ ಕಬ್ಬಿಣ ತೆಗೆಯೋಕೆ ಆಗ್ತಿರಲಿಲ್ಲ, ಅದಕ್ಕೆ ಕಿಟ್ಟದಲ್ಲಿ ಇನ್ನೂ ಬೇಕಾದಷ್ಟು ಕಬ್ಬಿಣ ಉಳಿದಿರುತ್ತೆ, ಹಂಗಾಗಿ ವಜ್ಜೆ, ಹಂಗಾಗಿ ಮ್ಯಾಗ್ನೆಟ್ಟು. ಅವರು ಬಳಸಿದ್ದು ಗುಡ್ಡದ ಅದಿರೇ ಆಗಬೇಕಂತಿಲ್ಲ. ಮಳೆ ಆದಮೇಲೆ ಹಳ್ಳದ ಮರಳಲ್ಲಿ ಕರಿ ಗೆರೆ ಬಿದ್ದಿರ್ತಾವಲ್ಲ, ಹುಡುಗರಿದ್ದಾಗ ಮ್ಯಾಗ್ನೆಟ್ ಎಳೆದು ಮೀಸೆ ಮಾಡಿಕೊಂಡು ಆಡ್ತಿದ್ವಲ್ಲ, ಆ ಕರಿ ಮರಳಲ್ಲಿ ಬಹಳಷ್ಟು ಮ್ಯಾಗ್ನೆಟೈಟೇ. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಬುಕಾನನ್ ಅಂಥ ಮರಳನ್ನ ತೊಳೆದು ಕಬ್ಬಿಣ ತೆಗೆಯೋದನ್ನ ಕಣ್ಣಾರೆ ಕಂಡು ಬರೆದಿದ್ದಾನೆ.

ನಮ್ಮ ಜಿಲ್ಲೆ ಸಣ್ಣದಲ್ಲ. ಹಿರೇಬೆಣಕಲ್ ಮೋರೇರ ಬೆಟ್ಟದ ಮೇಲೆ ನೂರಾರು ಕಲ್ಲಿನ ಮನೆ ನಿಂತಿದಾವೆ, ಕಬ್ಬಿಣ ಯುಗದವರದ್ದು, 2021ರಿಂದ ಯುನೆಸ್ಕೋ ತಾತ್ಕಾಲಿಕ ಪಟ್ಟಿಲೂ ಇದೆ. ನಿನ್ನ ಕಿಟ್ಟ ಅಷ್ಟು ಹಳೇದು ಅಂತ ನಾನು ಹೇಳ್ತಿಲ್ಲ, ಇನ್ನೂರು ವರ್ಷದ ಹಿಂದಿನದೂ ಇರಬಹುದು, ಕಿಟ್ಟ ನೋಡಿ ವಯಸ್ಸು ಹೇಳಕ್ಕಾಗಲ್ಲ. ಒಂದು ಕೇಳು, ಆ ಹೊಲಕ್ಕೆ ಊರಲ್ಲಿ ಏನಾದ್ರೂ ಹೆಸರಿದೆಯಾ? ಜೊತೆಗೆ ಸುಟ್ಟ ಮಣ್ಣಿನ ಕೊಳವೆ ತುಂಡು ಸಿಕ್ಕಿದಾವಾ?

ಕೊಪ್ಪಳ_ಮಣ್ಣು:
ಸರ್, ಮೈ ಝುಂ ಅಂತು. ನಮ್ಮಜ್ಜ ಆ ಮೂಲಿಗೆ ಮೊದಲಿಂದ "ಕಿಟ್ಟದ ಪಟ್ಟಿ" ಅಂತಾನ ಕರೀತಿದ್ದ! ನಾವು ಕಿಟ್ಟಪ್ಪ ಅನ್ನೋರ ಹೊಲ ಇದ್ದಿರಬೇಕು ಅನ್ಕೊಂಡಿದ್ವಿ. ಕೊಳವಿ ತುಂಡು ನೋಡಿಲ್ಲ, ಮಣ್ಣಿನ ಗುಂಪಿ ಇನ್ನೂ ಹಂಗ ಐತಿ, ನಾಳೆ ಹುಡಕ್ತೀನಿ.

ಹುಲಿಗಿ_ಹುಡುಗಿ:
ಅಣ್ಣಾವ್ರ, ನಡುವ ಬಂದೆ. ನಮ್ಮ ಅತ್ತಿ ಮೊಣಕಾಲ ನೋವಿಗೆ ಸಾವಿರಗಟ್ಟಲೆ ಕೊಟ್ಟು ಮ್ಯಾಗ್ನೆಟ್ ಪಟ್ಟಿ ತಂದಾಳ, ರಕ್ತದಾಗಿನ ಕಬ್ಬಿಣ ಎಳೀತೈತಿ ಅಂತ. ಖರೇನಾ?

ಲ್ಯಾಬ್_ನೈಟ್‌ಶಿಫ್ಟ್:
ಇಲ್ಲ ತಂಗಿ. ರಕ್ತದಲ್ಲಿರೋ ಕಬ್ಬಿಣ ಹಿಮೋಗ್ಲೋಬಿನ್ ಒಳಗೆ ಒಂದೊಂದೇ ಪರಮಾಣು ಕಟ್ಟಿಹಾಕಿದಂಗೆ ಇರುತ್ತೆ, ಮ್ಯಾಗ್ನೆಟೈಟ್ ತರ ಗುಂಪುಗೂಡಿ ಒಂದೇ ಕಡೆ ಎಳೆಯಲ್ಲ. ಹಂಗೆ ಎಳೀತಿದ್ರೆ ಎಂಆರ್‌ಐ ಮೆಷಿನಲ್ಲಿ ಮನುಷ್ಯ ಉಳೀತಿದ್ನಾ. ಅತ್ತೆಯವರನ್ನ ಮೂಳೆ ಡಾಕ್ಟರ್ ಹತ್ರ ಕರ್ಕೊಂಡ್ಹೋಗು.

ಕೊಪ್ಪಳ_ಮಣ್ಣು:
ಬ್ರೋಕರ್ ಇವತ್ತ ಮತ್ತ ಫೋನ್ ಮಾಡಿದ್ದ. ನಾ ಅಂದೆ, ಸರ್ ನಿಮ್ಮ ಫಾರಿನ್ ಸೂಜಿಗಲ್ಲು ಕಪ್ಪಿನ ತಳಕ್ಕ ತಿಕ್ಕಿದ್ರ ಯಾವ ಬಣ್ಣ ಬರತೈತಿ ಹೇಳ್ರಿ, ಆಮ್ಯಾಲ ರೊಕ್ಕದ ಮಾತು. ಸ್ವಲ್ಪ ತಡದು "ಬಂಗಾರದ ಬಣ್ಣ" ಅಂದ 😂 ಮತ್ತ ಸೂಜಿ ಎತ್ತತೈತೇನ್ರಿ ನಿಮ್ಮ ಸೂಜಿಗಲ್ಲು ಅಂದ್ರ ಕಟ್ ಮಾಡಿದ.

ಸಂಡೂರ್_ಗುಡ್ಡ:
ಬ್ಲಾಕ್ ಮಾಡಿ ಅಪ್ಪನ ಫೋನಲ್ಲೂ ಬ್ಲಾಕ್ ಮಾಡು. ಅವ್ರಿಗೇ ಮಾಡ್ತಾರೆ ಮುಂದಿನ ಕಾಲ್.

ಕೊಪ್ಪಳ_ಮಣ್ಣು:
ಮಾಡೀನ್ರಿ. ಮಾಸ್ತರ್ ಸರ್, ಇವತ್ತ ಮಣ್ಣ ಗುಂಪಿನ್ಯಾಗ ಕೈ ಆಡಸಿದ್ವಿ, ಹೆಬ್ಬಟ್ಟಿನ ದಪ್ಪ ತೂತಿರೋ ಸುಟ್ಟ ಮಣ್ಣಿನ ತುಂಡು ಎರಡು ಸಿಕ್ಕಾವ, ಒಂದ ತುದಿ ಕರಗಿ ಗಾಜಿನಂಗ ಆಗೈತಿ. ಫೋಟೋ ಹಾಕೀನಿ. ಮತ್ತ ಆ ಕಿಟ್ಟದ ಕಲ್ಲು ಭಾಳ ಅದಾವ, ಹೊಂಡದ ಏರಿಗೆ ಪಿಚಿಂಗ್ ಹಾಕಸ್ಲೇನ್ರಿ, ವಜ್ಜೆ ಅದಾವ, ಛಲೋ ಕುಂದರ್ತಾವ.

ಗಂಗಾವತಿ_ಮಾಸ್ತರ್:
ಏ ಬ್ಯಾಡೋ ಮಾರಾಯಾ! ಒಂದು ಕಲ್ಲೂ ಮುಟ್ಟಬ್ಯಾಡ, ಮಣ್ಣನ್ನೂ ಹರಡಬ್ಯಾಡ. ಅದು ತಿದಿಯ ಕೊಳವೆ. ಸಿಕ್ಕ ಜಾಗಕ್ಕೆ ಒಂದು ಗೂಟ ಹೊಡಿ, ತುಂಡುಗಳನ್ನ ಪೇಪರಲ್ಲಿ ಸುತ್ತಿಡು, ತೊಳೀಬ್ಯಾಡ. ರವಿವಾರ ನಾನೇ ಬರ್ತೀನಿ, ಇಬ್ಬರೂ ಕೂಡಿ ಹಂಪಿ ಹತ್ತಿರದ ಕಮಲಾಪುರದ ಪುರಾತತ್ವ ಮ್ಯೂಸಿಯಂಗೆ ತೋರಿಸಿಕೊಂಡು ಬರೋಣ. ಮೆಸೇಜಲ್ಲಿ ಊರ ಹೆಸರು ಕಳಿಸು.